ಉಜ್ಜಿ ಉಜ್ಜಿ ಬರಿಸಿದ 81

ಹಿಮಾಲಯದ ಒಂದು ಟ್ರೆಕ್‌ಗೆ ನಾನು ಲೀಡರ್. ಮಂತಲಾಯಿ ಕ್ಯಾಂಪಿನಲ್ಲಿ ಆ ಸಂಜೆ, ರಕ್ತದಲ್ಲಿನ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ ಮೊದಲು ತೋರಿಸಿದ್ದು 71. ಹುಡುಗನ ಬೆರಳು ಐಸ್ ಕ್ಯಾಂಡಿ ಥರ ಇತ್ತು. ಬೆರಳು ತಣ್ಣಗಿದ್ದರೆ ರೀಡಿಂಗ್ ಕಡಿಮೆ ಬರುತ್ತದೆ, ನಮ್ಮ ಲೈನಿನಲ್ಲಿ ಇದು ಎಲ್ಲರಿಗೂ ಗೊತ್ತು. ಉಜ್ಜಿದೆ. 75. ಕೈಗೆ ಚಹಾ ಮಗ್ ಕೊಟ್ಟು ಕೂರಿಸಿದೆ. 77. ಬೇರೆ ಬೆರಳಿಗೆ ಹಾಕಿ, ಜೋರಾಗಿ ಉಸಿರು ಎಳ್ಕೊಳ್ಳಿ ಅಂದೆ. ಒಂದೇ ಒಂದು ಕ್ಷಣ 81 ಮಿಂಚಿ ಹೋಯಿತು. ಅದನ್ನೇ ಆ್ಯಪಿಗೆ ಹಾಕಿದೆ.

ನಮ್ಮ ಕಂಪನಿ ಆ್ಯಪಿನಲ್ಲಿ 75ಕ್ಕಿಂತ ಕಡಿಮೆ ರೆಡ್, 80ರವರೆಗೆ ಯೆಲ್ಲೋ, ಆಮೇಲೆ ಗ್ರೀನ್. ಯೆಲ್ಲೋ ಬಂದರೆ ಅವನನ್ನು ಅಲ್ಲೇ ಒಂದು ದಿನ ನಿಲ್ಲಿಸಬೇಕು. ನಿಲ್ಲಿಸೋಕೆ ದಿನ ಎಲ್ಲಿದೆ? ಜನಕ್ಕೆ ರಜೆ ಸಿಗಲ್ಲ ಅಂತ ಆಫೀಸಿನವರು ಆ ವರ್ಷ ಮಂತಲಾಯಿಯ ಬಫರ್ ಡೇ, ಅಂದರೆ ಹೆಚ್ಚುವರಿ ದಿನ, ಕತ್ತರಿಸಿ ಹಾಕಿದ್ದರು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ರಾತ್ರಿಗೆ 500 ಮೀಟರಿಗಿಂತ ಜಾಸ್ತಿ ಏರಬಾರದು ಅಂತ ನಾವೇ ಬ್ರೀಫಿಂಗ್‌ನಲ್ಲಿ ಪಾಠ ಹೇಳುತ್ತೇವೆ. ಮಂತಲಾಯಿ ಸುಮಾರು 4,100. ಮಾರನೇ ದಿನದ ನಮ್ಮ ಬೇಸ್ ಕ್ಯಾಂಪ್ ಸುಮಾರು 4,900.

ಇದು ಹಿಮಾಚಲದ ಪಿನ್ ಪಾರ್ವತಿ ಟ್ರೆಕ್, ಸೆಪ್ಟೆಂಬರ್ ಬ್ಯಾಚ್. ಕುಲ್ಲು ಕಡೆಯ ಬರ್ಶೇಣಿಯಿಂದ ಹತ್ತಿ, 5,319 ಮೀಟರಿನ ಪಾಸ್ (ಬೆಟ್ಟ ದಾಟುವ ಕಣಿವೆ ದಾರಿ) ದಾಟಿ, ಸ್ಪಿತಿಯ ಮುದ್ ಹಳ್ಳಿಗೆ ಇಳಿಯುವುದು. ಎಲ್ಲರೂ ಹೆದರುವುದು ಕ್ರೆವಾಸ್‌ಗೆ, ಅಂದರೆ ಹಿಮನದಿಯ ಆಳದ ಬಿರುಕಿಗೆ. ರೋಪ್, ಹಾರ್ನೆಸ್, ಗೇಟರ್ ಎಲ್ಲ ಎರಡೆರಡು ಸಲ ಚೆಕ್ ಮಾಡಿದ್ದೆ. ಜನರನ್ನು ಚೆಕ್ ಮಾಡಿದ ರೀತಿ ಮಾತ್ರ ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಹುಡುಗ ಮೈಸೂರಿನವನು. 5 ಕಿಲೋಮೀಟರ್ 26 ನಿಮಿಷ, ಸ್ಕ್ರೀನ್‌ಶಾಟ್ ಸಮೇತ. ವಾರಕ್ಕೆ ಮೂರು ಸಲ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದನಂತೆ. ಓಡಿದವನ ಕಾಲು ಗಟ್ಟಿ ಇರುತ್ತದೆ, ಹೃದಯ ಗಟ್ಟಿ ಇರುತ್ತದೆ, ಆದರೆ ತೆಳು ಗಾಳಿಗೆ ಅವನ ಮೈ ಎಷ್ಟು ಬೇಗ ಒಗ್ಗುತ್ತದೆ ಅಂತ ಆ ಸ್ಕ್ರೀನ್‌ಶಾಟ್ ಹೇಳುವುದಿಲ್ಲ. ಗೊತ್ತಿತ್ತು. ಆದರೂ ನನ್ನ ಕಣ್ಣೆಲ್ಲ ಬ್ಯಾಚಿನಲ್ಲಿದ್ದ ಹುಬ್ಬಳ್ಳಿಯ ಅಕ್ಕನ ಮೇಲೆ. 54 ವರ್ಷ, ನಿಧಾನ, ದಿನಾ ಸ್ವೀಪ್ (ಎಲ್ಲರ ಹಿಂದೆ ಬರುವ ಗೈಡ್) ಜೊತೆ ಕೊನೆಗೆ ಬರುವವರು. ಅವರು ಸಂತೆಗೆ ಹೊರಟವರ ಹಾಗೆ ಒಂದೇ ಹೆಜ್ಜೆಯಲ್ಲಿ ಬಂದು, ತಟ್ಟೆ ತುಂಬ ಊಟ ಮಾಡಿ ಮಲಗುತ್ತಿದ್ದರು. ಹುಡುಗ ಮಂತಲಾಯಿಗೆ ಹಿಂದಿನ ಕ್ಯಾಂಪಾದ ಓಡಿ ಥಾಚ್‌ನಲ್ಲೇ ರಾತ್ರಿ ಊಟ ಬಿಟ್ಟಿದ್ದ. ಗ್ಯಾಸ್ ಸರ್, ಅಂದ. ನಾನೂ ಹೌದಪ್ಪ ಅಂದುಕೊಂಡೆ. ದಿನಾ ಮೊದಲು ಕ್ಯಾಂಪ್ ಸೇರುತ್ತಿದ್ದವನು ಮಂತಲಾಯಿಗೆ ಬಂದದ್ದು ಅಕ್ಕನ ಹಿಂದೆ. ಮೊರೇನ್, ಹಿಮನದಿ ತಂದು ಸುರಿದ ಕಲ್ಲಲ್ವಾ, ಸುಸ್ತಾಗಿರಬೇಕು ಅಂತ ಬಿಟ್ಟೆ. "ಸಾಬ್, ಇವತ್ತೂ ದಾಲ್ ವಾಪಸ್ ಬಂತು" ಅಂತ ಕುಕ್ ಬಂದು ಹೇಳಿದಾಗ ನಾನು ಆ್ಯಪಿನಲ್ಲಿ 81 ಒತ್ತುತ್ತಿದ್ದೆ.

ಬೇಸ್ ಕ್ಯಾಂಪಿನಲ್ಲಿ ರಾತ್ರಿ 11. ಮೂರು ಗಂಟೆಗೆ ಕಾಲ್ ಟೈಮ್. ಪಕ್ಕದ ಟೆಂಟಿನಿಂದ ಕೆಮ್ಮು. ಒಣ ಗಾಳಿಗೆ ಎಲ್ಲರೂ ಕೆಮ್ಮುತ್ತಾರೆ, ಮಲ್ಕೋ ಅಂತ ನನಗೆ ನಾನೇ ಹೇಳಿಕೊಂಡು ಸ್ಲೀಪಿಂಗ್ ಬ್ಯಾಗಿನ ಜಿಪ್ ಎಳೆದೆ. ಹತ್ತು ನಿಮಿಷ ಹಾಗೇ ಇದ್ದೆ. ಆಮೇಲೆ ಅವನ ಟೆಂಟ್‌ಮೇಟ್ ಬಂದು ಎಬ್ಬಿಸಿದ. ಹೋಗಿ ನೋಡಿದರೆ ಹುಡುಗ ಬ್ಯಾಗಿಗೆ ಒರಗಿ ಕೂತಿದ್ದಾನೆ, ಮಲಗಿದರೆ ಉಸಿರು ಸಿಗುತ್ತಿಲ್ಲ. ವಾಚ್ ಇಟ್ಟು ಎಣಿಸಿದೆ: ಸುಮ್ಮನೆ ಕೂತಲ್ಲೇ ನಿಮಿಷಕ್ಕೆ 36 ಉಸಿರು. ಹೆಡ್‌ಲ್ಯಾಂಪ್ ಬೆಳಕಿನಲ್ಲಿ ತುಟಿ ನೇರಳೆ ಹಣ್ಣು ತಿಂದವನ ಹಾಗೆ. ಬೆನ್ನಿಗೆ ಕಿವಿ ಇಟ್ಟರೆ ಒಳಗೆ ಎಲ್ಲೋ ದೂರದಲ್ಲಿ ಸಾಸಿವೆ ಸಿಡಿದ ಸದ್ದು. ಆಕ್ಸಿಮೀಟರ್ 58. ಈ ಸಲ ಉಜ್ಜಲಿಲ್ಲ.

ಹೇಪ್ (HAPE). ಎತ್ತರದಿಂದ ಶ್ವಾಸಕೋಶದಲ್ಲಿ ನೀರು ತುಂಬುವ ಕಾಯಿಲೆ. ಆಕ್ಸಿಜನ್ ಹಾಕಿದೆ, ನಿಫೆಡಿಪಿನ್ ಮಾತ್ರೆ ಕೊಟ್ಟೆ. ಅಲ್ಲಿಗೆ ಕೈಯಲ್ಲಿದ್ದದ್ದು ಮುಗಿಯಿತು. ಬರ್ಶೇಣಿ ಬಿಟ್ಟ ಮೇಲೆ ಫೋನ್ ಸಿಗಲ್ಲ. ಸರ್ಕಾರದ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ಇಟ್ಟುಕೊಂಡರೆ ಕೇಸು, ಅನುಮತಿಗೆ ಓಡಾಡುವ ಪುರುಸೊತ್ತು ಆಫೀಸಿನಲ್ಲಿ ಯಾರಿಗೂ ಇಲ್ಲ. ವಾಕಿಟಾಕಿ ಒಂದು ತಿರುವು ದಾಟಿದರೆ ಬರೀ ಕರಕರ.

ಆಗ ನಾನು ಲೆಕ್ಕ ಹಾಕಿದೆ. ಹಿಂದಕ್ಕೆ ಹೋದರೆ ಬರ್ಶೇಣಿಗೆ ನಾಲ್ಕು ದಿನ. ಮುಂದಕ್ಕೆ ಹೋದರೆ ಐದಾರು ಗಂಟೆಯಲ್ಲಿ ಪಾಸ್, ಅಲ್ಲಿಂದ ಎರಡು ದಿನಕ್ಕೆ ಮುದ್, ಜೀಪು, ರಸ್ತೆ. ಆಕ್ಸಿಜನ್ ಮೇಲೆ ದಾಟಿಸಿಬಿಟ್ಟರೆ ಹೇಗೆ? ಇದನ್ನು ಬಾಯಿಬಿಟ್ಟು ಕೇಳಿದೆ ಕೂಡ. ಎಎಂಸಿ, ಅಂದರೆ ಅಡ್ವಾನ್ಸ್ಡ್ ಮೌಂಟೆನಿಯರಿಂಗ್ ಕೋರ್ಸ್, ಮುಗಿಸಿದ ಲೀಡರ್ ನಾನು. ರೋಪ್ ಸುತ್ತುತ್ತಿದ್ದ ಹಿರಿಯ ಗೈಡ್ ಚಾಚಾ ತಲೆ ಎತ್ತಲೇ ಇಲ್ಲ. "ನೀಚೆ, ಸಾಬ್" ಅಂದರು, ಕೆಳಗೆ, ಅಷ್ಟೇ. ಹುಡುಗನಿಗೆ ಬೇಕಾಗಿದ್ದು ರಸ್ತೆ ಅಲ್ಲ, 800 ಮೀಟರ್ ಕೆಳಗಿನ ಗಾಳಿ. ನಾನು ಇನ್ನೂ 400 ಮೀಟರ್ ಮೇಲಕ್ಕೆ ಹೊರಿಸಲು ಹೊರಟಿದ್ದೆ.

ಚಾಚಾ ಉಳಿದವರನ್ನು ಪಾಸ್ ದಾಟಿಸುವುದು, ನಾನು ಇಳಿಸುವುದು ಅಂತಾಯಿತು. 12.40ಕ್ಕೆ ಹೊರಟೆವು. ಇಬ್ಬರು ಪೋರ್ಟರ್‌ಗಳು ಸರದಿಯಲ್ಲಿ ಬೆನ್ನ ಮೇಲೆ ಹೊತ್ತರು. ನಾನು ಸಿಲಿಂಡರ್ ಹಿಡಿದು ಪಕ್ಕದಲ್ಲಿ. ಕಲ್ಲಿನ ಮೇಲೆಲ್ಲ ಗಾಜಿನಂಥ ಐಸ್. ಎರಡು ಸಲ ನಾನೇ ಜಾರಿ ಬಿದ್ದೆ, ಅವರು ಒಂದು ಸಲವೂ ಇಲ್ಲ. ರಾತ್ರಿಯಾದ್ದರಿಂದ ಹಿಮ ಕರಗುವುದು ನಿಂತು ತೊರೆಗಳಲ್ಲಿ ನೀರು ಇಳಿದಿತ್ತು. ಮಧ್ಯಾಹ್ನ ಆಗಿದ್ದರೆ ದಾಟುವ ಮಾತೇ ಇರಲಿಲ್ಲ.

ಬೆಳಕು ಹರಿಯುವಾಗ ಮಂತಲಾಯಿ. ಶಿವನ ತ್ರಿಶೂಲಗಳ ಪಕ್ಕ ಮ್ಯಾಟ್ ಹಾಸಿ ಕೂರಿಸಿದೆವು. ಉಸಿರು ಎಣಿಸಿದರೆ 26. "ಸರ್, ಹಸಿವಾಗ್ತಿದೆ" ಅಂದ. ಮೂರು ದಿನದಲ್ಲಿ ಮೊದಲ ಸಲ. ಪೋರ್ಟರ್ ಒಬ್ಬ ಜೇಬಿನಿಂದ ಪಾರ್ಲೆ-ಜಿ ತೆಗೆದು ಕೊಟ್ಟ. ನಾನು ಆ ಕಡೆ ಹೋಗಿ ಸ್ವಲ್ಪ ಹೊತ್ತು ಕೆರೆ ನೋಡುತ್ತಾ ನಿಂತೆ.

ಹೊಳೆಗೆ ಸೇತುವೆಯಂತೆ ಬಿದ್ದಿರುವ ಪಾಂಡು ಪುಲ್ ಬಂಡೆಗಳನ್ನು ಹುಡುಗ ಅವನೇ ಕೂತು, ತೆವಳಿ ದಾಟಿದ. ಬರ್ಶೇಣಿಯಲ್ಲಿ ನೆಟ್‌ವರ್ಕ್ ಬಂದ ತಕ್ಷಣ ಆ್ಯಪ್ ಸಿಂಕ್ ಆಯಿತು, ಹಿಂದೆಯೇ ಆಫೀಸಿನ ಫೋನ್. ಹುಡುಗ ಹೇಗಿದ್ದಾನೆ ಅಂತ ಮೊದಲು ಕೇಳಿದರು, ಸುಳ್ಳು ಹೇಳಬಾರದು. ಎರಡನೇ ಪ್ರಶ್ನೆ: "ಮಂತಲಾಯಿಯಲ್ಲಿ ಗ್ರೀನ್ ಇದ್ದಾನಲ್ಲ, ಮತ್ತೆ ಹೇಗೆ?"

ಉಜ್ಜಿದ ವಿಷಯ ಅವತ್ತೇ ಹೇಳಿದೆ. ರಿಪೋರ್ಟಿನಲ್ಲೂ ಬರೆದೆ. ಆ್ಯಪಿಗೆ ಹೊಸ ವರ್ಷನ್ ಬಂದಿದೆ, ನಂಬರಿಗೆ ಈಗಲೂ ಒಂದೇ ಬಾಕ್ಸ್. ನಾನು ಬೇರೆ ನೋಟ್‌ಬುಕ್ ಇಟ್ಟಿದ್ದೇನೆ. ಬೆರಳು ಬೆಚ್ಚಗೆ ಮಾಡುವ ಮೊದಲಿನ ನಂಬರ್, ಆಮೇಲಿನದ್ದು, ಪಕ್ಕದಲ್ಲಿ ರಾತ್ರಿ ಎಷ್ಟು ರೊಟ್ಟಿ ತಿಂದರು ಅಂತ. ರೊಟ್ಟಿ ಲೆಕ್ಕ ಕುಕ್ ಕೊಡುತ್ತಾನೆ.