ರಿಸ್ಟಾರ್ಟ್‌ಗೆ ಹೆಬ್ಬೆರಳು ಒತ್ತಬೇಡಿ
ಐಟಿ ಸಪೋರ್ಟಿನ ರಾತ್ರಿ ಶಿಫ್ಟಿನವರು ಚಾಟ್ ಗ್ರೂಪಿಗೆ ಹಾಕುತ್ತಾರೆ: ‘ಡೇಟಾಬೇಸ್ ರಿಸ್ಟಾರ್ಟ್ ಮಾಡಲಾ?’ ಕೆಳಗೆ ಒಂದು 👍 ಬೀಳುತ್ತದೆ. ಕೇಳಿದವರು ಅದನ್ನೇ ಅಪ್ರೂವಲ್ ಅಂದುಕೊಂಡು ಕಮಾಂಡ್ ಕೊಡುತ್ತಾರೆ. ಒತ್ತಿದವರ ಲೆಕ್ಕದಲ್ಲಿ ಅದು ‘ನೋಡಿದೆ, ಕಾಲ್ ಮುಗಿಸಿ ಹೇಳ್ತೀನಿ’ ಅಷ್ಟೆ. ಬಿಲ್ಲಿಂಗ್ ಜಾಬ್ ಅರ್ಧಕ್ಕೆ ನಿಲ್ಲುತ್ತದೆ, ಟಿಕೆಟ್ (ದೂರಿನ ದಾಖಲೆ) ಪಿ1, ಅಂದರೆ ಅತಿ ತುರ್ತಿನದು, ಆಗುತ್ತದೆ. ತುರ್ತಿಗೆ ಎಲ್ಲರನ್ನೂ ಸೇರಿಸುವ ಬ್ರಿಜ್ ಕಾಲಿನಲ್ಲಿ ಎಲ್ಲರೂ ಆ ಹೆಬ್ಬೆರಳನ್ನೇ ಮತ್ತೆ ಮತ್ತೆ ತೆರೆದು ನೋಡುತ್ತಾರೆ. ನೋಡಿದೆ, ಒಪ್ಪಿದೆ, ಮುಗಿಸಿದೆ: ಮೂರಕ್ಕೂ ನಾವು ಒತ್ತುವುದು ಅದೊಂದನ್ನೇ.

ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಸ್ಕಾಟ್ ಫಾಲ್ಮನ್ 1982ರ ಸೆಪ್ಟೆಂಬರ್ 19ರಂದು :-) ಬಳಸೋಣ ಎಂದು ಸೂಚಿಸಿದ್ದು, ಬರೆದದ್ದು ತಮಾಷೆಗೆ ಎಂದು ಗುರುತು ಮಾಡಲು. ಮಾತು ಬೇರೆ ಇರುತ್ತಿತ್ತು. ಚಿಹ್ನೆ ಅದರ ದನಿಯನ್ನು ಮಾತ್ರ ಹೇಳುತ್ತಿತ್ತು. ‘ಲಾಗ್ ಕಳಿಸಿ’ ಅನ್ನುವುದು ಗದರಿದ ಹಾಗೆ ಕೇಳಿಸುತ್ತದೆ, ‘ಲಾಗ್ ಕಳಿಸಿ 🙂’ ಹಾಗೆ ಕೇಳಿಸುವುದಿಲ್ಲ. ಈ ಕೆಲಸಕ್ಕೆ ಅದು ಬಹಳ ಒಳ್ಳೆಯದು. ಮಾತನ್ನೇ ಬಿಟ್ಟು ಚಿಹ್ನೆಯನ್ನಷ್ಟೇ ಒತ್ತಿದಾಗ ಎಡವಟ್ಟಾಗುತ್ತದೆ.

2023ರಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಇದು ಕೋರ್ಟಿಗೇ ಹೋಯಿತು. ಅಗಸೆ ಖರೀದಿಯ ಕರಾರಿನ ಫೋಟೊಗೆ ರೈತ 👍 ಕಳಿಸಿದ್ದ. ‘ಕರಾರು ಬಂದು ತಲುಪಿತು ಅಂದೆ, ಒಪ್ಪಿದೆ ಅನ್ನಲಿಲ್ಲ’ ಎಂಬುದು ಅವನ ವಾದ. ಹಿಂದಿನ ಕರಾರುಗಳಿಗೂ ಇಂಥ ಚುಟುಕು ಉತ್ತರದಲ್ಲೇ ಒಪ್ಪಿಗೆ ಕೊಟ್ಟಿದ್ದರಿಂದ ಕೋರ್ಟ್ ಅದನ್ನು ಸಹಿಯೆಂದೇ ಎಣಿಸಿ, ಖರೀದಿದಾರರಿಗೆ 82,000 ಕೆನಡಿಯನ್ ಡಾಲರಿಗೂ ಹೆಚ್ಚು ಪರಿಹಾರ ಕೊಡಿಸಿತು. ಹಳೆಯ ರೂಢಿಯೇ ಚಿಹ್ನೆಗೆ ಅರ್ಥ ಕೊಟ್ಟಿತು.

ಹಾಗಾಗಿ ರೂಢಿಯನ್ನು ಟೀಮೇ ಮೊದಲು ಗೊತ್ತುಮಾಡಿಕೊಳ್ಳಬೇಕು. 👀 ಅಂದರೆ ನಾನು ಕೈಗೆತ್ತಿಕೊಂಡಿದ್ದೇನೆ, ಬೇರೆಯವರು ಮುಟ್ಟಬೇಡಿ. ✅ ಅಂದರೆ ಮುಗಿಯಿತು, ಚೆಕ್ ಮಾಡಿದ್ದೂ ಆಯಿತು. ಅಪ್ರೂವಲ್‌ಗೆ ಮಾತ್ರ ಚಿಹ್ನೆ ಬೇಡ. ಸರ್ವರ್ ಹೆಸರು, ಸಮಯ, ‘ಮಾಡಿ’ ಎಂಬ ಪದ, ಮೂರನ್ನೂ ಟೈಪ್ ಮಾಡಬೇಕು. ರಿಯಾಕ್ಷನ್ನನ್ನು ಯಾವಾಗ ಬೇಕಾದರೂ ವಾಪಸ್ ತೆಗೆಯಬಹುದು, ಚಾಟನ್ನು ಟಿಕೆಟ್‌ಗೆ ಕಾಪಿ ಮಾಡಿದರೆ ಅದು ಸಾಮಾನ್ಯವಾಗಿ ಜೊತೆಗೆ ಬರುವುದೂ ಇಲ್ಲ. ಅಪ್ರೂವಲ್ ಟಿಕೆಟ್‌ನಲ್ಲೇ ಇರಬೇಕು ಎಂದು ಪಾಲಿಸಿ ಬರೆದ ಮ್ಯಾನೇಜರುಗಳೇ ಗ್ರೂಪಿನಲ್ಲಿ ಬೆರಳು ಒತ್ತಿ ಹೋಗುತ್ತಾರೆ. ಅದು ಮೊದಲು ನಿಲ್ಲಬೇಕು.

ಟೂಲುಗಳನ್ನೂ ನಂಬುವಂತಿಲ್ಲ. ಇಮೇಲಿನ ಔಟ್‌ಲುಕ್‌ನ ಹಳೆಯ ಆವೃತ್ತಿಗಳಲ್ಲಿ :-) ಟೈಪ್ ಮಾಡಿದರೆ ಅದು ವಿಂಗ್‌ಡಿಂಗ್ಸ್ ಫಾಂಟಿನ ನಗುಮುಖವಾಗುತ್ತದೆ, ಆ ಫಾಂಟ್ ಇಲ್ಲದ ಕಡೆ ಗ್ರಾಹಕರಿಗೆ ಕಾಣುವುದು ಬರೀ ಇಂಗ್ಲಿಷ್ ‘ಜೆ’ ಅಕ್ಷರ. ಮೈಎಸ್‌ಕ್ಯೂಎಲ್ ಡೇಟಾಬೇಸಿನ ಹಳೆಯ ಯುಟಿಎಫ್8 ಕ್ಯಾರೆಕ್ಟರ್ ಸೆಟ್ (ಅಕ್ಷರಗಳನ್ನು ಬೈಟುಗಳಾಗಿ ಉಳಿಸುವ ಕ್ರಮ) ಒಂದು ಅಕ್ಷರಕ್ಕೆ 3 ಬೈಟ್ ಮಾತ್ರ ಕೊಡುತ್ತದೆ, 👍 ಕೇಳುವುದು 4. ತಪ್ಪು ಡೇಟಾವನ್ನು ತಡೆಯುವ ಸ್ಟ್ರಿಕ್ಟ್ ಮೋಡ್ ಆನ್ ಇಲ್ಲದಿದ್ದರೆ ಟಿಕೆಟ್ ನೋಟ್ ಆ ಚಿಹ್ನೆಯಿಂದ ಮುಂದಕ್ಕೆ ಪೂರ್ತಿ ಕತ್ತರಿಸಿಹೋಗಬಹುದು. ಕಾಲಮ್ಮನ್ನು 4 ಬೈಟ್ ಕೊಡುವ ಯುಟಿಎಫ್8ಎಂಬಿ4ಗೆ ಬದಲಿಸಿ, ಕನೆಕ್ಷನ್ನಿನ ಕ್ಯಾರೆಕ್ಟರ್ ಸೆಟ್ಟನ್ನೂ ಮರೆಯದೆ ಬದಲಿಸಿ.