ಗೇಟ್‌ವೇ ನೋಡಿದ್ರಾ, ಹಾಗೇ ಕಾಲಾ ಘೋಡಾಕ್ಕೂ ಹೋಗಿ ಬನ್ನಿ

ಊರಿಂದ ಯಾರೇ ಮುಂಬೈಗೆ ಬರಲಿ, ಗೇಟ್‌ವೇ, ತಾಜ್ ಹೋಟ್ಲು, ಮರೀನ್ ಡ್ರೈವ್, ಸಿದ್ಧಿವಿನಾಯಕ, ಅಲ್ಲಿಗೆ ಮುಗೀತು. ಗೇಟ್‌ವೇಯಿಂದ ಸ್ವಲ್ಪ ದೂರ ನಡೆದ್ರೆ ಕಾಲಾ ಘೋಡಾ, ಅಲ್ಲೇ ಜಹಾಂಗೀರ್ ಆರ್ಟ್ ಗ್ಯಾಲರಿ, ಅದು ಆಗೋದ್ರಲ್ಲಿ ನಮ್ಮ ಉಡುಪಿ ಕಡೆಯವರೊಬ್ಬರ ಪಾಲು ದೊಡ್ಡದು ಅನ್ನೋದು ಊರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಇಲ್ಲಿರೋ ನಮ್ಮವರಿಗೂ ಅಷ್ಟೇ. ಹಗಲು ಇಲ್ಲೇ ಫೋರ್ಟ್ ಏರಿಯಾದ ಹೋಟ್ಲಲ್ಲಿ ದುಡಿದು ರಾತ್ರಿ ಕನ್ನಡ ಶಾಲೇಲಿ ಓದಿದ ಹಿರಿಯರು ಆ ರಸ್ತೇಲಿ ವರ್ಷಗಟ್ಟಲೆ ಓಡಾಡಿದಾರೆ, ಒಳಗೆ ಮಾತ್ರ ಕಾಲಿಟ್ಟಿಲ್ಲ, ಕೇಳಿದ್ರೆ "ಅದೆಲ್ಲ ದೊಡ್ಡೋರಿಗೆ ಮಾರಾಯ" ಅಂತಾರೆ. ಹಾಗೇನಿಲ್ಲ, ಅದು ನಮಗೂ ಇರೋ ಜಾಗ ಅಂತ ಹೇಳೋಕೇ ಇದನ್ನ ಬರೀತಿದೀನಿ.

ಆ ಉಡುಪಿ ಕಡೆಯವರು ಚಿತ್ರಕಲಾವಿದ ಕೆ. ಕೆ. ಹೆಬ್ಬಾರ್, ಅಂದ್ರೆ ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್. 1911ರಲ್ಲಿ ಉಡುಪಿ ಹತ್ರದ ಕಟ್ಟಿಂಗೇರೀಲಿ ಹುಟ್ಟಿ, ಇಲ್ಲಿ ಜೆ.ಜೆ. ಸ್ಕೂಲ್ ಆಫ್ ಆರ್ಟಲ್ಲಿ ಕಲಿತು, ಅಲ್ಲೇ ಪಾಠಾನೂ ಮಾಡಿ, ಗೆರೆಗೆ ಲಯ ಬರ್ಬೇಕು ಅಂತ ಕಥಕ್ ಕೂಡ ಕಲಿತೋರು, 1989ರಲ್ಲಿ ಪದ್ಮಭೂಷಣ ಬಂತು. ಈ ಹೆಬ್ಬಾರರು ಮತ್ತೆ ವಿಜ್ಞಾನಿ ಹೋಮಿ ಭಾಭಾ, ಭಾಭಾ ತಾವೇ ಒಳ್ಳೇ ಚಿತ್ರ ಬರೀತಿದ್ರು, ಇಬ್ಬರೂ ಪಟ್ಟು ಹಿಡಿದು ಹೇಳಿದ್ರಿಂದ ಮುಂಬೈನ ಪಾರ್ಸಿ ಶ್ರೀಮಂತ ಸರ್ ಕಾವಸ್‌ಜಿ ಜಹಾಂಗೀರ್ ತೀರಿಹೋದ ಮಗನ ನೆನಪಿಗೆ ದುಡ್ಡು ಕೊಟ್ರು, 1952ರಲ್ಲಿ ಗ್ಯಾಲರಿ ತೆರೀತು. ಪ್ರವೇಶ ಫ್ರೀ. ಟಿಕೆಟ್ ಇಲ್ಲ, ಯಾಕೆ ಬಂದ್ರಿ ಅಂತ ಕೇಳೋರೂ ಇಲ್ಲ. ನನ್ನ ಮಟ್ಟಿಗೆ ಇದೇ ದೊಡ್ಡ ವಿಷಯ.

ಒಳಗಿನ ಪ್ರದರ್ಶನಗಳು ಹೆಚ್ಚಾಗಿ ವಾರಕ್ಕೊಮ್ಮೆ ಬದಲಾಗ್ತವೆ, ಆ ಒಂದು ವಾರಕ್ಕೋಸ್ಕರ ಕಲಾವಿದರು ವರ್ಷಗಟ್ಟಲೆ ಕಾಯ್ತಾರೆ. ಹೋದ ಭಾನುವಾರ ಹೋದಾಗ ಗದಗ ಕಡೆಯವರೊಬ್ಬರ ಚಿತ್ರಗಳಿದ್ವು. ಎರೆ ಹೊಲ, ಮಳೆ ನಿಂತ ಮೇಲಿಂದು. ದೂರದಿಂದ ಬರೀ ಕಪ್ಪು ಅನ್ನಿಸ್ತು, ಹತ್ರ ಹೋಗಿ ನೋಡಿದ್ರೆ ಬಣ್ಣಾನ ಬ್ರಶ್ಶಲ್ಲಿ ಹಚ್ಚಿಲ್ಲ, ನೈಫಲ್ಲಿ ದಪ್ಪಕ್ಕೆ ಎಳೆದಿದಾರೆ, ಆ ಕಪ್ಪಿನ ಅಡಿಗೆ ನೇರಳೆ, ಅದ್ರ ಅಡಿಗೆ ಕಡುನೀಲಿ, ಒಂದು ಮೂಲೇಲಿ ಗೀರಿದ ಜಾಗದಲ್ಲಿ ಕ್ಯಾನ್ವಾಸಿನ ಬಿಳಿ ಹೊಳೀತಿದೆ, ಅಷ್ಟೇ ಸಾಕು, ನೀರು ನಿಂತಿದೆ ಅಂತ ಕಣ್ಣಿಗೆ ಗೊತ್ತಾಗತ್ತೆ. ನಾನು ಕರಾವಳಿಯೋಳು, ಕೆಂಪು ಮಣ್ಣಲ್ಲೇ ಬೆಳೆದೋಳು, ಕಪ್ಪು ಮಣ್ಣಲ್ಲಿ ಇಷ್ಟು ಬಣ್ಣ ಇದೆ ಅಂತ ಅವತ್ತೇ ನೋಡಿದ್ದು. ಅವರು ಅಲ್ಲೇ ಚೇರ್ ಹಾಕ್ಕೊಂಡು ಕೂತಿದ್ರು, "ಕನ್ನಡದೋರೇನ್ರಿ?" ಅಂದ್ರು, ಅಷ್ಟೇ, ಅರ್ಧ ಗಂಟೆ ಮಾತು. ಮೊದಲನೇ ಪದರ ಪೂರ್ತಿ ಒಣಗೋ ಮುಂಚೆ ಗೀರಿದ್ರೇನೇ ಆ ಅಂಚು ಬರೋದಂತೆ, ಮುಂಬೈಲಿ ಒಂದು ಪೇಂಟಿಂಗ್ ಮಾರಾಟ ಆದ್ರೂ ಫ್ರೇಮ್, ಸಾಗಾಟದ ಖರ್ಚು ಏಳತ್ತಂತೆ. ಬರೆದವರ ಜೊತೆ ಹೀಗೆ ನಿಂತು ಮಾತಾಡೋಕೆ ಸಿಗೋದು ಸಣ್ಣ ವಿಷಯ ಅಲ್ಲ.

ಹೊರಗೆ ಬಂದ್ರೆ ಫುಟ್‌ಪಾತ್ ಕೂಡ ಗ್ಯಾಲರೀನೇ, ಚಿತ್ರ ಇಟ್ಕೊಂಡು ಕೂರೋರು, ಎದುರಿಗೆ ಕೂರಿಸ್ಕೊಂಡು ಪೆನ್ಸಿಲಲ್ಲಿ ಮುಖ ಬರೆದು ಕೊಡೋರು. ಮುಂದಿನ ಚೌಕದಲ್ಲಿ ಕಪ್ಪು ಕುದುರೆ ನಿಂತಿದೆ, ಮೇಲೆ ಸವಾರ ಇಲ್ಲ. ಮೊದಲು ಇದ್ದ ಕುದುರೆ ಮೇಲೆ ಬ್ರಿಟಿಷ್ ರಾಜ ಏಳನೇ ಎಡ್ವರ್ಡ್ ಕೂತಿದ್ದ, 1965ರಲ್ಲಿ ಅದನ್ನ ಎತ್ತಿ ಭಾಯ್‌ಖಳಾದ ಝೂ ಇರೋ ರಾಣಿಬಾಗ್‌ಗೆ ಸಾಗಿಸಿದ್ರು, ಜನ ಮಾತ್ರ ಕಾಲಾ ಘೋಡಾ ಅನ್ನೋದು ಬಿಡ್ಲಿಲ್ಲ, ಕೊನೆಗೆ 2017ರಲ್ಲಿ ಬರೀ ಕುದುರೇನ ಹೊಸದಾಗಿ ಮಾಡಿಸಿ ನಿಲ್ಸಿದ್ರು. ರಾಜ ಹೋದ, ಕುದುರೆ ಉಳೀತು, ನಂಗಂತೂ ಇದು ಬಹಳ ಸರಿ ಅನ್ಸತ್ತೆ. ಜನವರಿ ಕೊನೆ, ಫೆಬ್ರುವರಿ ಶುರೂಲಿ ನಡಿಯೋ ಕಾಲಾ ಘೋಡಾ ಕಲಾ ಹಬ್ಬದಲ್ಲಿ ಇಲ್ಲಿ ಕಾಲಿಡೋಕೂ ಜಾಗ ಇರಲ್ಲ, ಚಿತ್ರ ನೋಡೋ ಮನಸ್ಸಿದ್ರೆ ಬೇರೆ ತಿಂಗಳಲ್ಲಿ ಬನ್ನಿ. ಎದುರಿಗೆ ಡೇವಿಡ್ ಸಸೂನ್ ಲೈಬ್ರರಿ, 1870ರ ಕಟ್ಟಡ, ಮಲಾಡ್‌ನ ಹಳದಿ ಕಲ್ಲು. ಗ್ಯಾಲರಿಯೊಳಗೆ ಸಮೋವಾರ್ ಅಂತ ಕೆಫೆ ಇತ್ತು, 1964ರಿಂದ ಕಲಾವಿದರೆಲ್ಲ ಕೂತು ಹರಟ್ತಿದ್ದ ಜಾಗ, 2015ರಲ್ಲಿ ಮುಚ್ಚೋಯ್ತು, ಅದೊಂದು ಬೇಜಾರು ಇನ್ನೂ ಇದೆ.

ಬರೋರಿಗೆ: ಚರ್ಚ್‌ಗೇಟ್ ಸ್ಟೇಷನ್ನಿಂದಾನೂ ನಡೀಬಹುದು, ಸಿಎಸ್‌ಎಂಟಿ, ಅಂದ್ರೆ ಹಳೇ ವಿಟಿ ಸ್ಟೇಷನ್ನಿಂದಾನೂ ನಡೀಬಹುದು. ಗ್ಯಾಲರಿ ಬೆಳಿಗ್ಗೆ 11ರಿಂದ ಸಂಜೆ 7ರವರೆಗೆ. ಅಲ್ಲೇ ಹತ್ರ ರಸ್ತೆ ದಾಟಿದ್ರೆ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ, ಅದಕ್ಕೆ ಟಿಕೆಟ್ ತಗೋಬೇಕು, ಸೋಮವಾರ ರಜಾ, ಅದಕ್ಕೆ ಸೋಮವಾರ ಬಿಟ್ಟು ಬನ್ನಿ, ಎರಡೂ ಒಂದೇ ದಿನ ಆಗತ್ತೆ. ಮಕ್ಕಳನ್ನ ಕರ್ಕೊಂಡು ಬನ್ನಿ, ಕೂತಿರೋ ಕಲಾವಿದರನ್ನ ಅವರೇ ಹೋಗಿ ಕೇಳ್ಲಿ, ಯಾರೂ ಬೈಯಲ್ಲ.