ಸೆಲ್ಫ್ ಡಿಫೆನ್ಸ್‌ಗೆ ಯಾವ ಮಡಚುವ ಚಾಕು ತಗೊಳ್ಳಲಿ?

ನನ್ನ ಹತ್ತಿರ ಮಡಚುವ ಚಾಕು ಇರುವುದು ಗೊತ್ತಾದ ತಕ್ಷಣ ಜನ ಕೇಳುವ ಪ್ರಶ್ನೆ ಇದು. ರಾತ್ರಿ ಪಾಳಿ ಮುಗಿಸಿ ವೈಟ್‌ಫೀಲ್ಡ್‌ನಿಂದ ಬೈಕಿನಲ್ಲಿ ಬರುವ ಹುಡುಗರು ಕೇಳುತ್ತಾರೆ. ಮಗಳನ್ನು ಪೀಜಿಯಲ್ಲಿ ಬಿಟ್ಟಿರುವ ತಂದೆಯರು ಕೇಳುತ್ತಾರೆ. ಬೆಳಗಿನ ಜಾವ ವಾಕಿಂಗ್ ಹೋಗುವ ಹಿರಿಯರೂ ಕೇಳುತ್ತಾರೆ. "ಸರ್, ಜೇಬಲ್ಲಿ ಇಟ್ಕೊಳ್ಳೋಕೆ ಒಂದು ಒಳ್ಳೇ ಚಾಕು ಹೇಳಿ, ಏನಾದ್ರೂ ಆದ್ರೆ ಕೈಯಲ್ಲಿ ಒಂದು ಇರ್ಲಿ."

ನನ್ನ ಉತ್ತರ: ಆ ಕೆಲಸಕ್ಕೆ ಯಾವ ಮಡಚುವ ಚಾಕೂ ಆಗುವುದಿಲ್ಲ. ಹಣ್ಣು ಕೊಯ್ಯಲು, ಪಾರ್ಸೆಲ್ ಬಿಚ್ಚಲು, ಚಾರಣಕ್ಕೆ ಒಯ್ಯಲು ಬೇಕಿದ್ದರೆ ಖಂಡಿತ ತಗೊಳ್ಳಿ. ಯಾವುದನ್ನು ತಗೊಳ್ಳಬೇಕು ಅಂತ ಕೊನೆಯಲ್ಲಿ ಹೇಳುತ್ತೇನೆ. ಆದರೆ ಜೀವ ಕಾಯುತ್ತದೆ ಎಂಬ ನಂಬಿಕೆಯಿಂದ ತಗೊಳ್ಳಬೇಡಿ. ಈ ಮಾತಿಗೆ ಕಾರಣ ಕೇಳುವ ಹಕ್ಕು ನಿಮಗಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಸಮಯದ ಲೆಕ್ಕ ನೋಡೋಣ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನ್ನಿಸ್ ಟ್ಯೂಲರ್ 1983ರಲ್ಲಿ ಒಂದು ಲೇಖನ ಬರೆದರು. ಚಾಕು ಹಿಡಿದವನೊಬ್ಬ 21 ಅಡಿ ದೂರದಿಂದ ಓಡಿ ಬಂದು ಮೈಮೇಲೆ ಬೀಳಲು ಸುಮಾರು ಒಂದೂವರೆ ಸೆಕೆಂಡ್ ಸಾಕು ಎಂದು ಅದರಲ್ಲಿ ತೋರಿಸಿದರು. ತರಬೇತಿ ಪಡೆದ ಪೊಲೀಸ್ ಸೊಂಟದ ಪಿಸ್ತೂಲು ತೆಗೆದು ಗುಂಡು ಹಾರಿಸಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. 21 ಅಡಿ ಅಂದರೆ ಒಂದೂವರೆ ಕಾರಿನಷ್ಟು ಉದ್ದ. ನಮ್ಮ ಊರಿನ ಬಸ್ ಸ್ಟಾಪಿನಲ್ಲಿ, ಪಾರ್ಕಿಂಗ್ ಜಾಗದಲ್ಲಿ, ಅಡ್ಡರಸ್ತೆಯಲ್ಲಿ ಅಪರಿಚಿತರು ಇದಕ್ಕಿಂತ ಎಷ್ಟೋ ಹತ್ತಿರ ಇರುತ್ತಾರೆ.

ಈಗ ಮಡಚುವ ಚಾಕು ತೆರೆಯುವ ಕೆಲಸವನ್ನೇ ಬಿಡಿಸಿ ನೋಡಿ. ಜೇಬಿಗೆ ಕೈ ಹಾಕಬೇಕು. ಮಳೆಗಾಲವಾದರೆ ರೇನ್‌ಕೋಟಿನ ಒಳಗಿರುವ ಪ್ಯಾಂಟಿನ ಜೇಬು ಅದು. ಕೈಯಲ್ಲಿ ಗ್ಲೌಸ್ ಇರಬಹುದು. ಹಿಡಿ ಸರಿಯಾದ ದಿಕ್ಕಿನಲ್ಲಿ ಅಂಗೈಗೆ ಬರಬೇಕು. ಹೆಬ್ಬೆರಳಿಗೆ ಅಲಗಿನ ಮೇಲಿನ ಪುಟ್ಟ ಗುಂಡಿ ಸಿಗಬೇಕು. ಅದನ್ನು ತಳ್ಳಿದಾಗ ಅಲಗು ಅರ್ಧಕ್ಕೆ ನಿಲ್ಲದೆ ಪೂರ್ತಿ ತೆರೆದು, ಲಾಕ್ ಟಕ್ ಅಂತ ಕೂರಬೇಕು. ಮನೆಯಲ್ಲಿ ಸೋಫಾ ಮೇಲೆ ಕೂತು ಮಾಡಿದರೆ ಇದು ಸುಲಭ. ಎದೆ ಡವಗುಟ್ಟುವಾಗ ಬೆರಳುಗಳ ಸೂಕ್ಷ್ಮ ಕೆಲಸವೇ ಮೊದಲು ಕೈಕೊಡುತ್ತದೆ. ಗಾಬರಿಯಲ್ಲಿ ಮನೆ ಬೀಗಕ್ಕೆ ಕೀಲಿ ಹಾಕಲು ತಡಕಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸರಿ, ಹೇಗೋ ತೆರೆದಿರಿ ಅಂತಿಟ್ಟುಕೊಳ್ಳಿ. ಮುಂದಿನ ಅಪಾಯ ನಿಮ್ಮ ಬೆರಳುಗಳಿಗೇ. ಎಲ್ಲರೂ ಸ್ವಿಸ್ ನೈಫ್ ಅನ್ನುವ ಕೆಂಪು ಚಾಕುವಿನ ಸಾಮಾನ್ಯ ಮಾದರಿಗಳಲ್ಲಿ ಲಾಕ್ ಇರುವುದೇ ಇಲ್ಲ. ಒಂದು ಸ್ಪ್ರಿಂಗಿನ ಬಿಗಿ ಮಾತ್ರ ಅಲಗನ್ನು ತೆರೆದ ಸ್ಥಿತಿಯಲ್ಲಿ ನಿಲ್ಲಿಸಿರುತ್ತದೆ. ಮೊನೆಗೆ ಅಥವಾ ಅಲಗಿನ ಬೆನ್ನಿಗೆ ಜೋರಾಗಿ ಒತ್ತು ಬಿದ್ದರೆ ಅಲಗು ವಾಪಸ್ ಮಡಚಿಕೊಳ್ಳುತ್ತದೆ, ಅದು ಮಡಚುವ ಜಾಗದಲ್ಲಿ ನಿಮ್ಮ ನಾಲ್ಕು ಬೆರಳುಗಳಿರುತ್ತವೆ. ಲಾಕ್ ಇರುವ ಚಾಕುಗಳಲ್ಲಿ ಜಾಸ್ತಿ ಸಿಗುವುದು ಲೈನರ್ ಲಾಕ್. ಹಿಡಿಯ ಒಳಗಿರುವ ತೆಳು ಲೋಹದ ಪಟ್ಟಿಯೊಂದು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುತ್ತದೆ. ಅಗ್ಗದ ಚಾಕುವಿನಲ್ಲಿ ಆ ಪಟ್ಟಿ ಅಲಗಿನ ಬುಡಕ್ಕೆ ಅರೆಬರೆ ಮಾತ್ರ ತಾಗಿರುತ್ತದೆ. ಹಿಡಿತ ಸ್ವಲ್ಪ ತಿರುಚಿದರೂ ಜಾರುತ್ತದೆ. ಲಾಕ್ ಗಟ್ಟಿ ಇದ್ದರೂ ಇನ್ನೊಂದು ತೊಂದರೆ ಇದೆ. ಜೇಬಿಗೆ ಹಿಡಿಸಬೇಕಾದ ಚಾಕುವಿನಲ್ಲಿ ಹಿಡಿಗೂ ಅಲಗಿಗೂ ನಡುವೆ ಹೇಳಿಕೊಳ್ಳುವಂಥ ಅಡ್ಡಪಟ್ಟಿ ಇರುವುದಿಲ್ಲ. ಬೆವರಿದ ಕೈ ಮುಂದೆ ಜಾರಿ ಹರಿತದ ಮೇಲೆ ಹೋಗುತ್ತದೆ. ಬೆರಳು ಮಡಚುವ ಸ್ನಾಯುರಜ್ಜು ಕತ್ತರಿಸಿ ಹೋದರೆ ಆಪರೇಷನ್ ಮಾಡಿ ಹೊಲಿಯಬೇಕು, ಆಮೇಲೆ ವಾರಗಟ್ಟಲೆ ಸ್ಪ್ಲಿಂಟ್ (ಬೆರಳು ಅಲುಗದಂತೆ ಕಟ್ಟುವ ಪಟ್ಟಿ), ಫಿಸಿಯೋಥೆರಪಿ. ಟೈಪ್ ಮಾಡಿ ಹೊಟ್ಟೆ ಹೊರೆಯುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಚಾಕು ತೋರಿಸಿದರೆ ಸಾಕು, ಎದುರಿನವನು ಹೆದರಿ ಓಡುತ್ತಾನೆ ಅಂತಾರೆ. ಓಡಬಹುದು. ಓಡದಿದ್ದರೆ? ಅವನ ಹತ್ತಿರ ಲಾಂಗ್ ಇದ್ದರೆ? ಜೊತೆಗೆ ಇನ್ನಿಬ್ಬರಿದ್ದರೆ? ಚಾಕು ತಾಗಿದ ಮನುಷ್ಯ ಅಲ್ಲೇ ನಿಂತುಬಿಡುವುದಿಲ್ಲ. ಎಷ್ಟೋ ಸಲ ಪೆಟ್ಟು ಬಿದ್ದದ್ದೇ ಅವನಿಗೆ ಗೊತ್ತಾಗಿರುವುದಿಲ್ಲ, ಅವನ ಕೈಗಳು ನಿಮ್ಮ ಮೇಲೆಯೇ ಇರುತ್ತವೆ. ಅಷ್ಟು ಹತ್ತಿರದ ಜಗ್ಗಾಟದಲ್ಲಿ ಚಾಕು ಯಾರ ಕೈ ಸೇರುತ್ತದೆ ಅಂತ ಯಾರೂ ಹೇಳಲಾರರು. ಸುಮ್ನೆ ಕೈಕೈ ಮಿಲಾಯಿಸಿ ಮುಗಿಯಬೇಕಿದ್ದ ಜಗಳ ಹೆಣ ಬೀಳುವ ಮಟ್ಟಕ್ಕೆ ಹೋಗುತ್ತದೆ.

ಇನ್ನು, ಬೆಂಗಳೂರಿನಲ್ಲಿ ಜನ ಹೆದರುವ ಸಂದರ್ಭಗಳನ್ನೇ ತಗೊಳ್ಳಿ. ಸರಗಳ್ಳರು ಬೈಕಿನಲ್ಲಿ ಹಿಂದಿನಿಂದ ಬರುತ್ತಾರೆ, ಕೈ ಹಾಕುತ್ತಾರೆ, ಹೋಗುತ್ತಾರೆ. ಅಲ್ಲಿ ಚಾಕು ತೆಗೆಯುವ ಮಾತೇ ಇಲ್ಲ. ಫೋನ್ ಕೊಡು ಅಂತ ಯಾರಾದರೂ ಅಡ್ಡಗಟ್ಟಿದರೆ ಕೊಟ್ಟುಬಿಡಿ. ಪೊಲೀಸರಿಗೆ ದೂರು ಕೊಟ್ಟು, ಕೇಂದ್ರ ಸರ್ಕಾರದ ಸಂಚಾರ ಸಾಥಿ ಪೋರ್ಟಲ್‌ನಲ್ಲಿ ಐಎಂಇಐ ನಂಬರ್ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಹಾಕಿ ಆ ಫೋನನ್ನು ಬ್ಲಾಕ್ ಮಾಡಿಸಬಹುದು. ಬೀದಿನಾಯಿ ಎದುರಾದರೆ ಓಡಬೇಡಿ. ಬ್ಯಾಗನ್ನೋ ಕೊಡೆಯನ್ನೋ ನಡುವೆ ಹಿಡಿದು ನಿಧಾನಕ್ಕೆ ಹಿಂದೆ ಸರಿಯಿರಿ. ಕಚ್ಚಿದರೆ ಗಾಯವನ್ನು ಸೋಪು ಹಾಕಿ 15 ನಿಮಿಷ ನಲ್ಲಿ ನೀರಿನಲ್ಲಿ ತೊಳೆದು, ಅವತ್ತೇ ರೇಬಿಸ್ ಲಸಿಕೆಗೆ ಹೋಗಿ.

ನನಗೆ ನಿಜವಾಗಿ ಹೆದರಿಕೆ ಇರುವುದು ರಸ್ತೆ ಜಗಳದ ಬಗ್ಗೆ. ಸಿಲ್ಕ್ ಬೋರ್ಡ್ ಕಡೆಯಲ್ಲೋ ಹೆಬ್ಬಾಳದಲ್ಲೋ ಗಂಟೆಗಟ್ಟಲೆ ನಿಂತು ತಲೆ ಕೆಟ್ಟಿರುತ್ತದೆ. ಕನ್ನಡಿಗೆ ಯಾರೋ ತಾಗಿಸುತ್ತಾರೆ. ಮಾತಿಗೆ ಮಾತು ಬೆಳೆಯುತ್ತದೆ. ಜೇಬಿನಲ್ಲಿ ಚಾಕು ಇರುವವನು ಕಾರಿನಿಂದ ಇಳಿಯುತ್ತಾನೆ, ಇಲ್ಲದವನು ಗಾಜು ಏರಿಸಿಕೊಂಡು ಮುಂದೆ ಹೋಗುತ್ತಾನೆ. ಆ ಧೈರ್ಯವೇ ನನಗೆ ಬೇಡ. ಗಾಜು ಏರಿಸಿ, ಬಾಗಿಲು ಲಾಕ್ ಮಾಡಿ, 112ಕ್ಕೆ ಕರೆ ಮಾಡಿ. ಕಾರಿಗೆ ಡ್ಯಾಶ್‌ಕ್ಯಾಮ್ ಹಾಕಿಸಿ. ಅದರ ರೆಕಾರ್ಡಿಂಗ್ ಆಮೇಲೆ ನಿಮ್ಮ ಪರವಾಗಿ ಮಾತಾಡುತ್ತದೆ.

ಕಾನೂನಿನ ಬಗ್ಗೆ ಒಂದು ಅರೆಬರೆ ತಿಳಿವಳಿಕೆ ಓಡಾಡುತ್ತಿದೆ: ಒಂಬತ್ತು ಇಂಚಿಗಿಂತ ಚಿಕ್ಕದಾದರೆ ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು ಅಂತ. ಆ ಅಳತೆ ಇರುವುದು 2016ರ ಆಯುಧ ನಿಯಮಗಳಲ್ಲಿ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಕತ್ತಿ, ಚೂರಿಗಳನ್ನು ಅಲ್ಲಿ ಆಯುಧಗಳ ಪಟ್ಟಿಗೆ ಸೇರಿಸಿದ್ದಾರೆ. ಮನೆ, ಹೊಲ, ಕಾರ್ಖಾನೆ ಕೆಲಸಕ್ಕೆಂದೇ ಮಾಡಿದವನ್ನು ಹೊರಗಿಟ್ಟಿದ್ದಾರೆ. ಇದು ಲೈಸೆನ್ಸಿನ ಮಾತು ಮಾತ್ರ. ಊರಿಂದ ಊರಿಗೆ ಅಳತೆಯೂ ಬದಲಾಗುತ್ತದೆ. ದೆಹಲಿಯಲ್ಲಿ 1980ರ ಅಧಿಸೂಚನೆ ಬಟನ್ ಚಾಕುಗಳಿಗೆ (ಗುಂಡಿ ಒತ್ತಿದರೆ ತೆರೆಯುವಂಥವು) ಇಟ್ಟ ಅಳತೆ ಬರೀ 7.62 ಸೆಂ.ಮೀ. ಇಲ್ಲೇ ಬೆಂಗಳೂರಿನಲ್ಲೂ ಚುನಾವಣೆ, ಗಲಾಟೆಯ ಹೊತ್ತಿಗೆ ನಿಷೇಧಾಜ್ಞೆ ಬಂದರೆ ಚಾಕು, ಚೂರಿ, ದೊಣ್ಣೆ ಹಿಡಿದು ಓಡಾಡುವುದನ್ನು ಸಾಮಾನ್ಯವಾಗಿ ನಿಷೇಧಿಸಿರುತ್ತಾರೆ. ನಮ್ಮ ಮೆಟ್ರೋಗೆ ಹೋದರೆ ಬ್ಯಾಗ್ ಸ್ಕ್ಯಾನರ್‌ನಲ್ಲೇ ಸಿಕ್ಕಿಬೀಳುತ್ತದೆ. ಮಾಲ್, ಟೆಕ್ ಪಾರ್ಕ್‌ಗಳ ಬಾಗಿಲಲ್ಲೂ ಅದೇ ಕಥೆ. ವಿಮಾನದಲ್ಲಿ ಚೆಕ್-ಇನ್ ಬ್ಯಾಗಿನಲ್ಲಿ ಮಾತ್ರ ಇಡಬೇಕು. ಅಂದರೆ ದಿನಾ ಮೆಟ್ರೋ ಹತ್ತುವವರ ಜೊತೆ ಚಾಕು ಇರುವುದೇ ಸಾಧ್ಯವಿಲ್ಲ.

ಕೊಡಗಿನವರು ಸೊಂಟಕ್ಕೆ ಪೀಚೆಕತ್ತಿ ಅನ್ನುವ ಚಿಕ್ಕ ಕತ್ತಿ ಕಟ್ಟುತ್ತಾರಲ್ಲ ಅಂತ ವಾದ ಮಾಡುವವರಿದ್ದಾರೆ. ಅದು ಕುಪ್ಯದ (ಕೊಡವ ಗಂಡಸರ ಉದ್ದ ನಿಲುವಂಗಿ) ಜೊತೆ ಮದುವೆ, ಹಬ್ಬಕ್ಕೆ ತೊಡುವ ಉಡುಗೆಯ ಭಾಗ. ಅದನ್ನು ಮೆಜೆಸ್ಟಿಕ್‌ನಲ್ಲಿ ಚಾಕು ಇಟ್ಟುಕೊಳ್ಳುವುದಕ್ಕೆ ಹೋಲಿಸಬೇಡಿ.

ಆತ್ಮರಕ್ಷಣೆಯ ಹಕ್ಕು ನಮಗೆ ಇದ್ದೇ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು ಅದರದ್ದೇ. ಕೊಲೆ, ತೀವ್ರ ಗಾಯ, ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿಯಂಥ ಭಯ ಎದುರಾದಾಗ ದಾಳಿಕೋರನ ಪ್ರಾಣ ಹೋಗುವಷ್ಟರ ಮಟ್ಟಿಗೂ ಆ ಹಕ್ಕು ಹೋಗುತ್ತದೆ. ಆದರೆ ಸೆಕ್ಷನ್ 37 ಒಂದು ಗೆರೆ ಎಳೆದಿದೆ: ಕಾಪಾಡಿಕೊಳ್ಳಲು ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಪೊಲೀಸರ ರಕ್ಷಣೆ ಪಡೆಯಲು ಸಮಯವಿದ್ದರೆ ಆ ಹಕ್ಕೇ ಇಲ್ಲ. ಆತ್ಮರಕ್ಷಣೆ ಎಂದು ತೋರಿಸಿಕೊಡುವ ಹೊಣೆಯೂ ಆರೋಪಿಯ ಮೇಲೆಯೇ ಬೀಳುತ್ತದೆ. ಚುಚ್ಚುವ, ಕತ್ತರಿಸುವ ಸಾಧನದಿಂದ ಗಾಯ ಮಾಡಿದರೆ ಸೆಕ್ಷನ್ 118 ಕಾದಿರುತ್ತದೆ. ಗಾಯ ತೀವ್ರವಾಗಿದ್ದರೆ ಶಿಕ್ಷೆ ಒಂದು ವರ್ಷದಿಂದ ಹತ್ತು ವರ್ಷ, ಜೀವಾವಧಿಯೂ ಆಗಬಹುದು. ಎದುರಿನವನು ಬರಿಗೈಯಲ್ಲಿದ್ದು ನಿಮ್ಮ ಕೈಯಲ್ಲಿ ಮಾತ್ರ ಚಾಕು ಇತ್ತು ಅಂದರೆ ನಿಮ್ಮ ಮಾತು ನಂಬಿಸುವುದು ಎಷ್ಟು ಕಷ್ಟ ಯೋಚಿಸಿ. "ಯಾಕೆ ಇಟ್ಕೊಂಡಿದ್ರಿ?" ಅಂತ ಪೊಲೀಸರು ಕೇಳಿದಾಗ "ಸೆಲ್ಫ್ ಡಿಫೆನ್ಸ್‌ಗೆ" ಅಂದರೆ, ಅದು ಹಣ್ಣಿನ ಚಾಕು ಅಲ್ಲ, ಆಯುಧ ಅಂತ ನೀವೇ ಹೇಳಿದ ಹಾಗಾಯಿತು.

ನಮ್ಮ ಊರಿನದೇ ಒಂದು ಪ್ರಕರಣ 2024ರ ಮೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟಿಗೆ ಬಂದಿತ್ತು. ಜಾಗದ ಜಗಳದಲ್ಲಿ ಪೆಪ್ಪರ್ ಸ್ಪ್ರೇ ಹೊಡೆದವರು, ಆತ್ಮರಕ್ಷಣೆಗೆ ಹೊಡೆದದ್ದು, ಕೇಸ್ ರದ್ದು ಮಾಡಿ ಎಂದು ಕೇಳಿದ್ದರು. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಒಪ್ಪಲಿಲ್ಲ. ಮೇಲ್ನೋಟಕ್ಕೆ ಜೀವಕ್ಕೆ ತಕ್ಷಣದ ಅಪಾಯ ಇರಲಿಲ್ಲ, ಪೆಪ್ಪರ್ ಸ್ಪ್ರೇಯೂ ಅಪಾಯಕಾರಿ ಆಯುಧವೇ, ತನಿಖೆ ನಡೆಯಲಿ ಎಂದರು. ಸ್ಪ್ರೇಗೇ ಹೀಗಾದರೆ ಚಾಕುವಿನ ಕಥೆ ಏನು, ಅಲ್ವಾ?

ಹಾಗಂತ ಪೆಪ್ಪರ್ ಸ್ಪ್ರೇ ಬೇಡ ಅನ್ನುತ್ತಿಲ್ಲ. ನಿಜವಾದ ಅಪಾಯದಲ್ಲಿ ಚಾಕುಗಿಂತ ಸಾವಿರ ಪಾಲು ಮೇಲು. ಎರಡು ಮೂರು ಹೆಜ್ಜೆ ದೂರದಿಂದಲೇ ಕೆಲಸ ಮಾಡುತ್ತದೆ, ಸಾಮಾನ್ಯವಾಗಿ ಕೊಲ್ಲುವುದಿಲ್ಲ, ತಪ್ಪಿಸಿಕೊಳ್ಳಲು ಸಮಯ ಕೊಡುತ್ತದೆ. ಆದರೆ ಬ್ಯಾಗಿನ ತಳದಲ್ಲಿ ಟಿಫಿನ್ ಡಬ್ಬಿಯ ಕೆಳಗೆ ಇಟ್ಟರೆ ಉಪಯೋಗಕ್ಕೆ ಬರುವುದಿಲ್ಲ. ಕತ್ತಲಲ್ಲಿ ನಡೆಯುವಾಗ ಕೈಯಲ್ಲೇ ಇರಲಿ. ಎಕ್ಸ್‌ಪೈರಿ ದಿನಾಂಕ ನೋಡಿ. ಗಾಳಿ ಎದುರಿದ್ದರೆ, ಕಾರಿನ ಒಳಗಿದ್ದರೆ ನಿಮ್ಮ ಕಣ್ಣಿಗೇ ಬೀಳುತ್ತದೆ ಅನ್ನುವುದು ನೆನಪಿರಲಿ. ಹೊಡೆದ ಮೇಲೆ ನಿಂತು ನೋಡಬೇಡಿ, ಜನ ಇರುವ ಕಡೆ ಓಡಿ, 112 ಒತ್ತಿ. ಹತ್ತಿರದ ಹೊಯ್ಸಳ ವಾಹನಕ್ಕೆ (ಪೊಲೀಸ್ ಗಸ್ತಿನ ಗಾಡಿ) ಸುದ್ದಿ ಹೋಗುತ್ತದೆ. ನಿಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಎಮರ್ಜೆನ್ಸಿ ಎಸ್‌ಒಎಸ್ ಅಂತ ಇರುತ್ತದೆ, ಇವತ್ತೇ ಆನ್ ಮಾಡಿ. ಎಷ್ಟೋ ಫೋನುಗಳಲ್ಲಿ ಪವರ್ ಬಟನ್ ಐದು ಸಲ ಒತ್ತಿದರೆ ಕರೆ ಹೋಗುತ್ತದೆ. ಜೋರಾಗಿ ಕೂಗುವ ವಿಸಿಲ್ ಒಂದು ಕೀ ಬಂಚಿನಲ್ಲಿರಲಿ.

ಹೆಣ್ಣುಮಕ್ಕಳ ತಂದೆತಾಯಿಗೆ ಇನ್ನೊಂದು ಮಾತು. ಐಟಿ, ಬಿಪಿಒ ಕಂಪನಿಗಳು ರಾತ್ರಿ ಪಾಳಿಯ ಮಹಿಳೆಯರಿಗೆ ಮನೆಯಿಂದ ಮನೆಗೆ ವಾಹನ ಕೊಡಬೇಕು, ಸಾಧ್ಯವಾದಷ್ಟೂ ಮೊದಲು ಹತ್ತುವವರೂ ಕೊನೆಗೆ ಇಳಿಯುವವರೂ ಹೆಣ್ಣುಮಕ್ಕಳಾಗದಂತೆ ರೂಟ್ ಮಾಡಬೇಕು. ಕರ್ನಾಟಕದ ನಿಯಮದಲ್ಲೇ ಇದೆ. ಮಗಳಿಗೆ ಚಾಕು ಕೊಡಿಸುವ ಬದಲು ಅವಳ ಕಂಪನಿ ಇದನ್ನು ಪಾಲಿಸುತ್ತಿದೆಯಾ ಕೇಳಿ. ಪಾಲಿಸದಿದ್ದರೆ ಎಚ್‌ಆರ್‌ಗೆ ಬರವಣಿಗೆಯಲ್ಲಿ ಕೇಳಲು ಹೇಳಿ.

ಈಗ ಚಾಕುವಿನ ಮಾತು, ಕೆಲಸದ ಚಾಕು. ಅಲಗು ಏಳರಿಂದ ಒಂಬತ್ತು ಸೆಂ.ಮೀ. ಇದ್ದರೆ ಸೀಬೆಕಾಯಿಗೂ ಸಾಕು, ಹಗ್ಗಕ್ಕೂ ಸಾಕು. ನಗರದಲ್ಲಿ ಓಡಾಡುವವರಿಗೆ ನಾನು ವಿಕ್ಟೋರಿನಾಕ್ಸ್ ಹೇಳುತ್ತೇನೆ, ಮೇಲೆ ಹೇಳಿದ ಕೆಂಪು ಸ್ವಿಸ್ ನೈಫ್ ಅದೇ. 1884ರಲ್ಲಿ ಶುರುವಾದ ಕಂಪನಿ, 1897ರಿಂದ ಈ ಮಾದರಿ ಮಾಡುತ್ತಿದ್ದಾರೆ. ಕತ್ತರಿ, ಸ್ಕ್ರೂಡ್ರೈವರ್ ಜೊತೆಗಿರುವುದರಿಂದ ಯಾರು ನೋಡಿದರೂ ಇದು ಕೆಲಸದ ಸಾಮಾನು ಅಂತ ಗೊತ್ತಾಗುತ್ತದೆ. ಅಡುಗೆ, ಚಾರಣ ಜಾಸ್ತಿ ಇದ್ದರೆ ಫ್ರಾನ್ಸಿನ ಒಪಿನೆಲ್ 8ನೇ ನಂಬರ್. ಮರದ ಹಿಡಿ, 8.5 ಸೆಂ.ಮೀ. ಅಲಗು. ಹಿಡಿಯ ತುದಿಯಲ್ಲಿ ತಿರುಗಿಸುವ ಉಕ್ಕಿನ ಬಳೆ ಇದೆ, 1955ರಲ್ಲಿ ಬಂದ ಏರ್ಪಾಡು. ತೆರೆದು ಬಳೆ ತಿರುಗಿಸಿದರೆ ಅಲಗು ಮಡಚುವುದಿಲ್ಲ. ತೆರೆಯಲು ಎರಡು ಕೈ ಬೇಕು, ನನಗೆ ಅದು ಇಷ್ಟವೇ. ಸ್ಟೇನ್‌ಲೆಸ್ ಅಲಗನ್ನೇ ತಗೊಳ್ಳಿ. ಕಾರ್ಬನ್ ಉಕ್ಕಿಗೆ ನಿಂಬೆ, ಮಾವಿನಕಾಯಿ ತಾಗಿದರೆ ಕಪ್ಪಾಗುತ್ತದೆ, ಮಳೆಗಾಲದ ಚಾರಣದಲ್ಲಿ ತುಕ್ಕು ಹಿಡಿಯುತ್ತದೆ. ಆನ್‌ಲೈನ್‌ನಲ್ಲಿ 'ಟ್ಯಾಕ್ಟಿಕಲ್' ಅಂತ ಬರುವ ಕಪ್ಪು ಬಣ್ಣದ, ತಲೆಬುರುಡೆ ಚಿತ್ರದ ಚಾಕುಗಳ ಹತ್ತಿರ ಹೋಗಬೇಡಿ. ಎಷ್ಟೋ ಸಲ ಅವುಗಳ ಉಕ್ಕು ಯಾವುದು ಅಂತಲೇ ಬರೆದಿರುವುದಿಲ್ಲ.

ಹಲಸಿನ ಹಣ್ಣು ಕೊಯ್ಯುವ ಮೊದಲು ಅಲಗಿಗೆ ಕೊಬ್ಬರಿ ಎಣ್ಣೆ ಸವರಿ. ಅಲಗು ತಿರುಗುವ ಕೀಲಿಗೆ ಮಾತ್ರ ಕೊಬ್ಬರಿ ಎಣ್ಣೆ ಬೇಡ, ದಿನ ಕಳೆದಂತೆ ಅಂಟಾಗುತ್ತದೆ. ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ ಸಾಕು. ಹರಿತ ಹೋದರೆ ಗರಗರ ತಿರುಗುವ ಒಣ ಚಕ್ರಕ್ಕೆ ಕೊಡಬೇಡಿ. ಬಿಸಿಗೆ ಅಂಚಿನ ಹದ ಹೋಗಿ, ಮತ್ತೆ ಬೇಗ ಮೊಂಡಾಗುತ್ತದೆ. ಸಾವಿರ ಗ್ರಿಟ್ಟಿನ (ಗ್ರಿಟ್ ಅಂದರೆ ಕಲ್ಲಿನ ನುಣುಪಿನ ಅಳತೆ), ನೀರು ಹಾಕಿ ಉಜ್ಜುವ ಸಾಣೆಕಲ್ಲು ತಂದುಕೊಂಡು ಮನೆಯಲ್ಲೇ ನಿಧಾನಕ್ಕೆ ಉಜ್ಜಿ.